ಒಂದು ಅಗುಳು ಸಾಕೇ?

ಅನ್ನ ಬೆಂದಿದೆಯೇ ಎಂದು ತಿಳಿಯಲು ಪಾತ್ರೆಯ ಅನ್ನವನ್ನೆಲ್ಲ ತಿಂದು ನೋಡಬೇಕಿಲ್ಲ, ಒಂದು ಅಗುಳು ಹಿಚುಕಿದರೆ ಸಾಕು. ನಾವೆಲ್ಲ ಮನೆಯಲ್ಲಿ ಕೇಳಿ ಬೆಳೆದ ಮಾತು ಇದು. ಸಮೀಕ್ಷೆ ಎಂಬ ವಿದ್ಯೆ ನಿಂತಿರುವುದೂ ಇದೇ ನಂಬಿಕೆಯ ಮೇಲೆ. ಆದರೆ ಮದುವೆ ಮನೆಯ ಅಡುಗೆ ಭಟ್ಟರನ್ನು ಒಮ್ಮೆ ಗಮನಿಸಿ. ಐನೂರು ಜನರಿಗೆ ಅನ್ನ ಬೇಯುವ ಕೊಪ್ಪರಿಗೆಯಲ್ಲಿ ಅವರು ಮೇಲಿನ ಅಗುಳೊಂದನ್ನು ನೋಡಿ ಒಲೆ ಆರಿಸುವುದಿಲ್ಲ. ಸೌಟನ್ನು ತಳದವರೆಗೆ ಇಳಿಸುತ್ತಾರೆ, ನಡುವಿನಿಂದ ಒಂದಿಷ್ಟು, ಅಂಚಿನಿಂದ ಒಂದಿಷ್ಟು ತೆಗೆದು ನೋಡುತ್ತಾರೆ. ತಳ ಸೀದು ಮೇಲೆ ಅಕ್ಕಿ ಹಾಗೇ ಉಳಿಯುವುದುಂಟು ಎಂದು ಅವರಿಗೆ ಗೊತ್ತು. ಮೇಲಿನಿಂದಲೇ ನೂರು ಅಗುಳು ತೆಗೆದರೂ ತಳದ ಸುದ್ದಿ ಸಿಗುವುದಿಲ್ಲ.

ಗುರುಗ್ರಾಮದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನ ಕೆಲಸದ ದೊಡ್ಡ ಭಾಗ ಇಂಥ ಅಗುಳು ಪರೀಕ್ಷೆಯೇ. ಆ್ಯಪಿನಲ್ಲಿ ಒಂದು ಬದಲಾವಣೆ ಮಾಡಿದರೆ ಜನ ಅದನ್ನು ಮೆಚ್ಚಿದರೇ, ಅದರಿಂದ ನಿಜವಾಗಿ ಏನಾದರೂ ಉಪಯೋಗವಾಯಿತೇ ಎಂದು ಅಳೆಯುವುದು. ಇಲ್ಲಿ ಲೆಕ್ಕ ತಪ್ಪಿದರೆ ಕಂಪನಿಗೆ ಒಂದಿಷ್ಟು ನಷ್ಟ, ಅಷ್ಟೇ. ಆದರೆ ಇದೇ ಬಗೆಯ ಲೆಕ್ಕದ ಮೇಲೆ ಊರಿನ ಶಾಲೆಯ ಮಗುವಿಗೆ ಮೊಟ್ಟೆ ಸಿಗುತ್ತದೆ ಅಥವಾ ಸಿಗುವುದಿಲ್ಲ, ರೈತನಿಗೆ ಬೆಳೆ ವಿಮೆ ಬರುತ್ತದೆ ಅಥವಾ ಬರುವುದಿಲ್ಲ. ಹಾಗಾಗಿ ಈ ಲೆಕ್ಕಗಳು ಎಲ್ಲಿ ತಪ್ಪುತ್ತವೆ ಎಂಬುದನ್ನು ನಮ್ಮದೇ ರಾಜ್ಯದ ಉದಾಹರಣೆಗಳ ಮೂಲಕ ನೋಡೋಣ ಅನ್ನಿಸಿತು. ಗುರುಗ್ರಾಮದಲ್ಲಿ ಕುಳಿತ ನಾವೂ ಅದರಲ್ಲಿ ಪಾಲುದಾರರು. ಅದು ಹೇಗೆ ಎಂಬುದಕ್ಕೂ ಬರುತ್ತೇನೆ.

ಒಂದೇ ರಾಜ್ಯ, ಎರಡು ಉತ್ತರ

2020ರ ಮಳೆಗಾಲ. ಕರ್ನಾಟಕದಲ್ಲಿ ಎಷ್ಟು ಜನರಿಗೆ ಕೋವಿಡ್ ಬಂದು ಹೋಗಿದೆ ಎಂಬ ಪ್ರಶ್ನೆಗೆ ಎರಡು ಸಮೀಕ್ಷೆಗಳು ಉತ್ತರ ಹುಡುಕಿದವು. ಮೊದಲನೆಯದು ಜೂನ್ 15ರಿಂದ ಆಗಸ್ಟ್ 29ರವರೆಗೆ ಮನೆ ಮನೆಗೆ ಹೋಗಿ ರಕ್ತದ ಮಾದರಿ ಪಡೆದ ಅಧ್ಯಯನ. ಮನೆಗಳನ್ನು ಆರಿಸಿದ್ದು ಸಿಎಂಐಇ ಸಂಸ್ಥೆ ನಿಯಮಿತವಾಗಿ ಭೇಟಿ ಕೊಡುವ ಕುಟುಂಬಗಳ ಪಟ್ಟಿಯಿಂದ. ಫಲಿತಾಂಶ 2021ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ ಬಂತು: ರಾಜ್ಯದ 46.7 ಪ್ರತಿಶತ ಜನರಿಗೆ ಸೋಂಕು ತಗುಲಿತ್ತು. ಹಳ್ಳಿಗಳಲ್ಲಿ 44.1, ಪಟ್ಟಣಗಳಲ್ಲಿ 53.8.

ಎರಡನೆಯದು ರಾಜ್ಯ ಸರ್ಕಾರದ ಸಮೀಕ್ಷೆ. ಸೆಪ್ಟೆಂಬರ್ 3ರಿಂದ 16ರವರೆಗೆ ಎಲ್ಲ 30 ಜಿಲ್ಲೆಗಳಲ್ಲಿ ನಡೆದ ಇದರಲ್ಲಿ 16,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡಿದ್ದರು. ಇಲ್ಲಿ ಮನೆಗಳ ಬದಲು ಆಸ್ಪತ್ರೆಗಳನ್ನು ಆಧಾರವಾಗಿಟ್ಟುಕೊಂಡು ಗುಂಪುಗಳನ್ನು ಆರಿಸಿದರು: ತಪಾಸಣೆಗೆ ಬಂದ ಗರ್ಭಿಣಿಯರು, ಹೊರರೋಗಿಗಳ ಜೊತೆ ಬಂದವರು, ಬಸ್ ಕಂಡಕ್ಟರ್, ಆಟೋ ಚಾಲಕರಂತೆ ಹೆಚ್ಚು ಜನರ ಸಂಪರ್ಕದಲ್ಲಿ ಇರುವವರು, ವಯಸ್ಸಾದವರು, ಬೇರೆ ಕಾಯಿಲೆ ಇರುವವರು. ಉತ್ತರ 27.3 ಪ್ರತಿಶತ, ಅದೂ ಆ ಹೊತ್ತಿಗೆ ಸೋಂಕು ಇದ್ದವರನ್ನು ಸೇರಿಸಿ.

ರಾಜ್ಯದ ಜನಸಂಖ್ಯೆ 7.07 ಕೋಟಿ ಎಂದು ಹಿಡಿದರೆ ಒಂದು ಲೆಕ್ಕದಲ್ಲಿ 3.3 ಕೋಟಿ ಜನ, ಇನ್ನೊಂದರಲ್ಲಿ 1.93 ಕೋಟಿ ಜನ. ನಡುವಿನ ಅಂತರ ಹತ್ತಿರ ಹತ್ತಿರ ಒಂದು ಇಡೀ ಬೆಂಗಳೂರು. ಸೋಂಕು ಬಂದು ಹೋದವರ ಸಂಖ್ಯೆ ತಿಂಗಳಿಂದ ತಿಂಗಳಿಗೆ ಏರಬೇಕೇ ಹೊರತು ಇಳಿಯುವಂತಿಲ್ಲ. ಆದರೂ ತಡವಾಗಿ ನಡೆದ ಸಮೀಕ್ಷೆಯಲ್ಲೇ ಸಂಖ್ಯೆ ಕಡಿಮೆ.

ಎರಡೂ ಅಧ್ಯಯನಗಳು ತಮ್ಮ ಅಂದಾಜಿನ ಜೊತೆ ಒಂದು 'ಹೆಚ್ಚು ಕಡಿಮೆ'ಯನ್ನೂ ಕೊಟ್ಟಿದ್ದವು. ಮೊದಲನೆಯದರಲ್ಲಿ ಅದು ಸುಮಾರು ಮೂರು ಅಂಶ, ಎರಡನೆಯದರಲ್ಲಿ ಇನ್ನೂ ಕಡಿಮೆ. ಅಂದರೆ ಎರಡೂ ತಮ್ಮ ಮಟ್ಟಿಗೆ ಸಾಕಷ್ಟು ನಿಖರ, ಆದರೆ ಒಂದರ ಗಡಿ ಇನ್ನೊಂದರ ಗಡಿಯನ್ನು ಮುಟ್ಟುವುದೂ ಇಲ್ಲ. ಯಾಕೆ ಹೀಗೆ? ಆ 'ಹೆಚ್ಚು ಕಡಿಮೆ' ಅಳೆಯುವುದು ಅದೃಷ್ಟದ ಏರುಪೇರನ್ನು ಮಾತ್ರ. ಚೀಟಿ ಎತ್ತಿದಾಗ ಯಾರ ಹೆಸರು ಬಂತು, ಯಾರದು ಬರಲಿಲ್ಲ ಎಂಬ ಏರುಪೇರು ಅದು. ಸರಿಯಾಗಿ ಚೀಟಿ ಎತ್ತಿ 1,000 ಜನರನ್ನು ಕೇಳಿದರೆ ಈ ದೋಷ ಸುಮಾರು ಮೂರು ಅಂಶಕ್ಕೆ ಇಳಿಯುತ್ತದೆ. 4,000 ಜನರನ್ನು ಕೇಳಿದರೆ ಅದರ ಅರ್ಧ. ಆದರೆ ಚೀಟಿ ಡಬ್ಬಿಗೆ ಕೆಲವರ ಹೆಸರೇ ಬೀಳದಿದ್ದರೆ? ಆ ದೋಷ ಆ 'ಹೆಚ್ಚು ಕಡಿಮೆ'ಯೊಳಗೆ ಕಾಣಿಸುವುದೇ ಇಲ್ಲ. ಜನರ ಸಂಖ್ಯೆಯನ್ನು ಹತ್ತು ಪಟ್ಟು ಮಾಡಿದರೂ ಅದು ಇದ್ದ ಹಾಗೇ ಇರುತ್ತದೆ.

ಹಾಗಾದರೆ ಇವೆರಡರಲ್ಲಿ ಯಾವುದು ಸರಿ? ಆಸ್ಪತ್ರೆಗೆ ಬಂದವರು ಊರಿನ ಎಲ್ಲರಂತೆ ಇರುವುದಿಲ್ಲ. ಆ ಭಯದ ದಿನಗಳಲ್ಲಂತೂ ಜ್ವರ ಬಂದವರು ಮನೆಯಲ್ಲೇ ಅಡಗಿ ಕುಳಿತದ್ದುಂಟು. ಇತ್ತ ಮನೆ ಸಮೀಕ್ಷೆಯೂ ಪೂರ್ತಿ ಸುರಕ್ಷಿತವಲ್ಲ. ಬಾಗಿಲಿಗೆ ಬಂದವರಿಗೆ ಎಷ್ಟು ಜನ ರಕ್ತ ಕೊಡಲು ಒಪ್ಪುತ್ತಾರೆ, ಒಪ್ಪಿದವರು ಒಪ್ಪದವರಂತೆಯೇ ಇದ್ದಾರೆಯೇ ಎಂಬ ಪ್ರಶ್ನೆ ಇದ್ದೇ ಇದೆ. ಮೇಲಾಗಿ 2021ರಲ್ಲಿ ಅರ್ಥಶಾಸ್ತ್ರಜ್ಞರಾದ ಜಾನ್ ಡ್ರೆಜ್ ಮತ್ತು ಅನ್ಮೋಲ್ ಸೋಮಂಚಿ ಸಿಎಂಐಇ ಪಟ್ಟಿಯನ್ನೇ ಪ್ರಶ್ನಿಸಿದರು. ಮುಖ್ಯರಸ್ತೆಯಿಂದ ಶುರುಮಾಡಿ ಮನೆ ಆರಿಸುವ ಕ್ರಮದಲ್ಲಿ ಒಳಗಿನ ಗಲ್ಲಿಗಳ ಬಡವರು ಉಳಿದುಹೋಗುತ್ತಾರೆ ಎಂಬುದು ಅವರ ವಾದ. ಸಂಸ್ಥೆ ತನ್ನ ವಿಧಾನವನ್ನು ಸಮರ್ಥಿಸಿಕೊಂಡಿತು. ಇದಲ್ಲದೆ ಎರಡು ಅಧ್ಯಯನಗಳ ರಕ್ತ ಪರೀಕ್ಷೆಯ ಕಿಟ್‌ಗಳೂ ಬೇರೆ ಬೇರೆ. ಅಳತೆಗೋಲೇ ಬೇರೆಯಾದಾಗ ಅಂತರ ಬರುವುದು ಸಹಜ.

ಅಂತೂ ಸಂಖ್ಯೆಯನ್ನು ಅದು ಬಂದ ದಾರಿಯಿಂದ ಬೇರ್ಪಡಿಸಿ ಓದಲು ಬರುವುದಿಲ್ಲ. 'ಅರ್ಧ ಕರ್ನಾಟಕಕ್ಕೆ ಬಂದು ಹೋಗಿದೆ' ಎಂದು ಓದಿದವರಿಗೂ 'ಕಾಲು ಭಾಗಕ್ಕೆ ಮಾತ್ರ ಬಂದಿದೆ' ಎಂದು ಓದಿದವರಿಗೂ ಮುಂದಿನ ಅಪಾಯದ ಅಂದಾಜು ಬೇರೆಯೇ ಆಗುತ್ತದೆ. 2021ರ ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50,112 ಹೊಸ ಪ್ರಕರಣಗಳು ದಾಖಲಾದವು. ಆಗ ಆಕ್ಸಿಜನ್ ಸಿಲಿಂಡರಿಗಾಗಿ ದೂರದಿಂದ ಫೋನ್ ಮೇಲೆ ಫೋನ್ ಮಾಡಿದ ನಮ್ಮಲ್ಲಿ ಅನೇಕರಿಗೆ ಆ ಅಂದಾಜುಗಳ ಬೆಲೆ ವಿವರಿಸಿ ಹೇಳಬೇಕಿಲ್ಲ.

ಗೇಟಿನೊಳಗಿನ ನಾವು

ಸಮೀಕ್ಷೆಯಲ್ಲಿ ಬಿಟ್ಟುಹೋಗುವವರು ಎಂದರೆ ನಮಗೆ ನೆನಪಾಗುವುದು ಬಡವರು, ವಲಸೆ ಕೂಲಿಗಳು, ಗಲ್ಲಿಯ ಕೊನೆಯ ಮನೆಯವರು. ಅದು ನಿಜವೇ. ಆದರೆ ಗುರುಗ್ರಾಮದಲ್ಲಿ ಇನ್ನೊಂದು ಜಾತಿಯ ಕಾಣೆಯಾದವರಿದ್ದಾರೆ. ಗಾಲ್ಫ್ ಕೋರ್ಸ್ ರಸ್ತೆಯಿಂದ ಸೋಹ್ನಾ ರಸ್ತೆಯವರೆಗೆ ಎತ್ತರದ ಗೋಪುರಗಳಲ್ಲಿ, ಮೂರು ಹಂತದ ಕಾವಲಿನ ಹಿಂದೆ ಇರುವವರು. ಅಂದರೆ ನಾವು.

ಒಂದು ಭಾನುವಾರ ನಮ್ಮ ಸೊಸೈಟಿಯ ಗೇಟಿನಲ್ಲಿ ಕೊರಳಿಗೆ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್ಲೆಟ್ ಹಿಡಿದ ಒಬ್ಬರು ನಿಂತಿದ್ದರು. ಸರ್ಕಾರದ ಮನೆ ಖರ್ಚಿನ ಸಮೀಕ್ಷೆಗೆ ಬಂದವರು. ಕಾವಲುಗಾರ ಒಂದೊಂದೇ ಫ್ಲಾಟಿಗೆ ಇಂಟರ್‌ಕಾಮ್ ಹಚ್ಚಿ 'ಸಾಬ್, ಸರ್ವೇವಾಲಾ ಆಯಾ ಹೈ' ಎನ್ನುವುದು, ಆ ಕಡೆಯಿಂದ 'ಬೇಡ' ಎಂಬ ಉತ್ತರ ಬರುವುದು ನಡೆದಿತ್ತು. ಹಾಲು ತರಲು ಹೊರಟಿದ್ದ ನಾನು ನಿಂತು ಮಾತನಾಡಿಸಿದೆ. 'ಹಳ್ಳಿಗೆ ಹೋದರೆ ಮಂಚ ಹಾಕಿ ಕೂರಿಸಿ ಚಹಾ ಕೊಡುತ್ತಾರೆ ಸಾರ್. ಇಲ್ಲಿ ಲಿಫ್ಟಿನವರೆಗೆ ತಲುಪುವುದೇ ದೊಡ್ಡ ಕೆಲಸ' ಎಂದರು. ಅವರ ಪಟ್ಟಿಯಲ್ಲಿ ನಮ್ಮ ಮನೆ ಇರಲಿಲ್ಲ. ನಾನೇ ಮುಂದೆ ಬಂದು ಉತ್ತರ ಕೊಡುತ್ತೇನೆ ಎಂದರೂ ಅವರು ತೆಗೆದುಕೊಳ್ಳುವಂತಿಲ್ಲ. ಅದೇ ಸರಿಯಾದ ಕ್ರಮ ಕೂಡ. ತಾವಾಗಿ ಮುಂದೆ ಬಂದವರನ್ನೇ ಬರೆದುಕೊಂಡರೆ ಅದು ಸಮೀಕ್ಷೆಯಾಗುವುದಿಲ್ಲ.

ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ ಯಾವ ದಿನ ಇಡೋಣ ಎಂದು ಮತ ಕೇಳಿದಾಗ ಆಗುವುದು ಇದೇ. ಗುಂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ, ಉತ್ತರಿಸಿದವರು ಐವತ್ತು ದಾಟಲಿಲ್ಲ. ಶನಿವಾರ ಎಂದು ತೀರ್ಮಾನವಾಯಿತು. ಶನಿವಾರವೂ ಡ್ಯೂಟಿ ಇರುವ ನರ್ಸ್‌ಗಳು, ಅಂಗಡಿ ಹೋಟೆಲುಗಳಲ್ಲಿ ಕೆಲಸ ಮಾಡುವವರು ಆ ಐವತ್ತರಲ್ಲಿ ಇರಲಿಲ್ಲ. ಹಗಲು ಫೋನ್ ನೋಡಲು ಬಿಡುವಿಲ್ಲದವರೇ ಶನಿವಾರ ಬಿಡುವಿಲ್ಲದವರು.

ರಾಷ್ಟ್ರದ ಮಟ್ಟದಲ್ಲಿ ಇದು ದೊಡ್ಡ ತಲೆನೋವು. 2022ರ ಆಗಸ್ಟ್‌ನಿಂದ 2023ರ ಜುಲೈವರೆಗೆ ನಡೆದ ಕೇಂದ್ರದ ಮನೆ ಖರ್ಚಿನ ಸಮೀಕ್ಷೆಯಲ್ಲಿ 2,61,746 ಮನೆಗಳಿದ್ದವು. ಹಳ್ಳಿಯಲ್ಲಿ ತಲಾ ತಿಂಗಳ ಖರ್ಚು 3,773 ರೂಪಾಯಿ, ಪಟ್ಟಣದಲ್ಲಿ 6,459 ರೂಪಾಯಿ ಎಂದು ಆಗ ಪತ್ರಿಕೆಗಳಲ್ಲಿ ಓದಿದ್ದು ಇದರಿಂದಲೇ. ಉಳ್ಳವರು ಸಿಗದೆ ಹೋಗಬಾರದು ಎಂದು ಪಟ್ಟಣದ ಮನೆಗಳನ್ನು ಮೂರು ಪಂಗಡ ಮಾಡಿದ್ದರು: ಹತ್ತು ಲಕ್ಷಕ್ಕಿಂತ ಹೆಚ್ಚು ಬೆಲೆಯ ಸ್ವಂತ ಕಾರಿರುವವರು, ಅದಕ್ಕಿಂತ ಕಡಿಮೆ ಬೆಲೆಯ ಕಾರಿರುವವರು, ಉಳಿದವರು. ಪ್ರತಿ ಪಂಗಡದಿಂದಲೂ ಬೇರೆ ಬೇರೆಯಾಗಿ ಮನೆ ಆರಿಸುವುದು. ಭಟ್ಟರು ಸೌಟನ್ನು ತಳಕ್ಕೂ ಅಂಚಿಗೂ ಇಳಿಸಿದಂತೆಯೇ ಇದು. ಆದರೆ ಪಂಗಡ ಎಷ್ಟೇ ಜಾಣತನದಿಂದ ಮಾಡಿದರೂ ಆರಿಸಿದ ಮನೆಯವರು ಬಾಗಿಲು ತೆರೆಯಬೇಕಲ್ಲ? ತೆರೆಯದಿದ್ದರೆ ಅದೇ ಪಂಗಡದ ಇನ್ನೊಂದು ಮನೆಗೆ ಹೋಗುತ್ತಾರೆ. ಹಗಲಲ್ಲಿ ಮನೆಯಲ್ಲಿರುವ, ಸಮಯವಿರುವ, ಅಪರಿಚಿತರಿಗೆ ಹೆದರದ ಮನೆ. ನಮ್ಮ ಬದಲಿಗೆ ಅವರ ಖರ್ಚು ದಾಖಲಾಗುತ್ತದೆ.

ಆ ಸಮೀಕ್ಷೆಯ ಒಂದೊಂದು ಮನೆಯೂ ಸರಾಸರಿ ಸಾವಿರಕ್ಕೂ ಹೆಚ್ಚು ಮನೆಗಳ ಪರವಾಗಿ ಮಾತನಾಡುತ್ತದೆ. ಉಳ್ಳವರು ಬಾಗಿಲು ಹಾಕಿಕೊಂಡಷ್ಟೂ ದೇಶದ ಅಸಮಾನತೆ ಕಾಗದದ ಮೇಲೆ ಕಡಿಮೆ ಕಾಣುತ್ತದೆ. ಬೆಲೆಯೇರಿಕೆಯ ಸೂಚ್ಯಂಕದಲ್ಲಿ ಅಕ್ಕಿಗೆಷ್ಟು ತೂಕ, ಬಾಡಿಗೆಗೆಷ್ಟು ತೂಕ ಎಂದು ನಿರ್ಧರಿಸುವುದೂ ಇಂಥ ಸಮೀಕ್ಷೆಗಳಿಂದಲೇ.

ಐದು ಮೀಟರಿನ ಚೌಕ

ಸರಿಯಾದ ಮನೆ, ಸರಿಯಾದ ಹೊಲ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಅಳೆಯುವ ಕೈಯೂ ತಪ್ಪಬಹುದು. ಇದಕ್ಕೆ ನಮ್ಮ ಊರುಗಳಲ್ಲಿ ಪ್ರತಿ ವರ್ಷ ನಡೆಯುವ ಬೆಳೆ ಕಟಾವು ಪ್ರಯೋಗವೇ ಒಳ್ಳೆಯ ಉದಾಹರಣೆ. ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಗೆ ಕನಿಷ್ಠ ನಾಲ್ಕು ಕಡೆ ಬೆಳೆ ಕೊಯ್ದು ಇಳುವರಿ ಅಳೆಯುತ್ತಾರೆ. ಹೊಲ ಯಾವುದು, ಹೊಲದೊಳಗೆ ಜಾಗ ಯಾವುದು ಎನ್ನುವುದನ್ನು ಮನಸ್ಸಿಗೆ ಬಂದಂತೆ ಆರಿಸುವಂತಿಲ್ಲ, ಯಾದೃಚ್ಛಿಕ ಸಂಖ್ಯೆಯ ಪ್ರಕಾರ ಹೋಗಬೇಕು. ಅನೇಕ ಬೆಳೆಗಳಿಗೆ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ. ಆ ನಾಲ್ಕು ಚೌಕಗಳ ಸರಾಸರಿ ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಇಡೀ ಪಂಚಾಯಿತಿಯ ವಿಮೆ ಮಾಡಿಸಿದ ರೈತರಿಗೆ ಪರಿಹಾರ. ಇಳಿಯದಿದ್ದರೆ ಯಾರಿಗೂ ಇಲ್ಲ.

25 ಚದರ ಮೀಟರ್ ಎಂದರೆ ಹೆಕ್ಟೇರಿನ 400ರಲ್ಲಿ ಒಂದು ಪಾಲು. ಚೌಕದಲ್ಲಿ 100 ಗ್ರಾಂ ಹೆಚ್ಚು ಬಂದರೆ ಹೆಕ್ಟೇರಿಗೆ 40 ಕಿಲೋ ಹೆಚ್ಚು ಎಂದು ದಾಖಲಾಗುತ್ತದೆ. ಆ 100 ಗ್ರಾಂ ಎಲ್ಲಿಂದ ಬರುತ್ತದೆ? ಹಗ್ಗದ ಅಂಚಿನಲ್ಲಿ ನಿಂತ ಗಿಡಗಳಿಂದ. ಗಿಡ ಒಳಗೋ ಹೊರಗೋ ಎಂಬ ಅನುಮಾನ ಬಂದಾಗ ಕೊಯ್ಯುವ ಕೈ ಅದನ್ನು ಒಳಗೆ ಸೇರಿಸಿಕೊಳ್ಳುವುದೇ ಹೆಚ್ಚು. ಮೋಸ ಮಾಡುವ ಉದ್ದೇಶ ಯಾರಿಗೂ ಇರಬೇಕಿಲ್ಲ. 1940ರ ದಶಕದಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನಲ್ಲಿದ್ದ ಪಿ.ವಿ. ಸುಖಾತ್ಮೆ ಇದನ್ನು ಪ್ರಯೋಗ ಮಾಡಿ ತೋರಿಸಿದರು: ಚೌಕ ಚಿಕ್ಕದಾದಷ್ಟೂ ಇಳುವರಿ ಹೆಚ್ಚು ಕಾಣುತ್ತದೆ. ಚಿಕ್ಕ ತುಂಡುಗಳ ಪಕ್ಷ ವಹಿಸಿದ್ದ ಪಿ.ಸಿ. ಮಹಾಲನೋಬಿಸ್ ಅವರ ಜೊತೆ ಈ ವಿಷಯದಲ್ಲಿ ದೊಡ್ಡ ವಾದವೇ ನಡೆಯಿತು. ಕಾರಣ ಸರಳ. ಒಂದು ಮೀಟರಿನ ಚೌಕದಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ನಾಲ್ಕು ಮೀಟರ್ ಅಂಚು. ಐದು ಮೀಟರಿನ ಚೌಕದಲ್ಲಿ 25 ಚದರ ಮೀಟರಿಗೆ 20 ಮೀಟರ್ ಅಂಚು, ಅಂದರೆ ಒಂದು ಚದರ ಮೀಟರಿಗೆ 0.8 ಮೀಟರ್ ಮಾತ್ರ. ಅಂಚು ಕಡಿಮೆಯಾದಷ್ಟೂ ಅನುಮಾನದ ಗಿಡಗಳೂ ಕಡಿಮೆ.

ಈ ದೋಷದ ವಿಶೇಷವೆಂದರೆ ಅದು ಯಾವಾಗಲೂ ಒಂದೇ ಕಡೆ ವಾಲುತ್ತದೆ. ನಾಲ್ಕರ ಬದಲು ನಾನೂರು ಚೌಕ ಕೊಯ್ದರೂ ನಾನೂರರಲ್ಲೂ ಸ್ವಲ್ಪ ಹೆಚ್ಚೇ ಬರುತ್ತದೆ. ಇಳುವರಿ ಹೆಚ್ಚು ಕಂಡರೆ ಪರಿಹಾರ ಕಡಿಮೆಯಾಗುತ್ತದೆ.

ಮೊಟ್ಟೆ ಮತ್ತು ಹಾಲು

ಇಲ್ಲಿಯವರೆಗೆ 'ಎಷ್ಟು' ಎಂಬ ಪ್ರಶ್ನೆಯಾಯಿತು. 'ಯಾವುದರಿಂದ ಹೀಗಾಯಿತು' ಎಂಬ ಪ್ರಶ್ನೆ ಇನ್ನೂ ಕಠಿಣ. 2021ರ ಡಿಸೆಂಬರಿನಲ್ಲಿ ಕರ್ನಾಟಕ ಸರ್ಕಾರ ರಾಜ್ಯದ ಉತ್ತರ ಭಾಗದ ಏಳು ಜಿಲ್ಲೆಗಳ ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡಲು ಶುರುಮಾಡಿತು. ಕೆಲವು ಮಠಾಧೀಶರಿಂದ ವಿರೋಧ ಬಂತು. ಮಕ್ಕಳೇ ಎದ್ದು ನಿಂತು ಮೊಟ್ಟೆ ಬೇಕೆಂದರು. ಆ ಗದ್ದಲದ ನಡುವೆ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಒಂದು ಅಧ್ಯಯನ ನಡೆಸಿತು. ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗಿನ ಮಕ್ಕಳ ಜೊತೆ ಹೋಲಿಸಿತು. 2022ರಲ್ಲಿ ಫಲಿತಾಂಶ ಸುದ್ದಿಯಾಯಿತು: ಯಾದಗಿರಿಯ ಎಂಟನೇ ತರಗತಿಯ ಹೆಣ್ಣುಮಕ್ಕಳ ತೂಕ ಗದಗಿನವರಿಗಿಂತ 71 ಪ್ರತಿಶತದವರೆಗೆ ಹೆಚ್ಚು ಏರಿದೆ.

ಮೊಟ್ಟೆ ಮಕ್ಕಳಿಗೆ ಒಳ್ಳೆಯದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಪೌಷ್ಟಿಕತೆಯ ಬಗ್ಗೆ ಗೊತ್ತಿರುವುದೆಲ್ಲ ಅದನ್ನೇ ಹೇಳುತ್ತದೆ. ಆದರೆ ಆ 71 ಎಂಬ ಸಂಖ್ಯೆಯೆಲ್ಲ ಮೊಟ್ಟೆಯದೇ ಎನ್ನಲು ಈ ಹೋಲಿಕೆ ಸಾಲದು. ಯಾದಗಿರಿ ಮತ್ತು ಗದಗದ ನಡುವೆ ಮೊಟ್ಟೆಯೊಂದೇ ವ್ಯತ್ಯಾಸವಲ್ಲ. ಮಳೆ, ಬೆಳೆ, ಕೂಲಿ, ಗುಳೆ ಹೋಗುವ ಕಾಲ, ಮಕ್ಕಳು ಶುರುವಿನಲ್ಲಿ ಎಷ್ಟು ಸೊರಗಿದ್ದರು ಎಂಬುದು, ಎಲ್ಲವೂ ಬೇರೆ. ತುಂಬಾ ಸೊರಗಿದ ಮಗು ಹೊಟ್ಟೆಗೆ ಸ್ವಲ್ಪ ಸಿಕ್ಕರೂ ಬೇಗ ತೂಕ ಪಡೆಯುತ್ತದೆ. ಅದೂ ಅಲ್ಲದೆ ಕೋವಿಡ್‌ನಿಂದ ಮುಚ್ಚಿದ್ದ ಶಾಲೆಗಳಲ್ಲಿ ಬಿಸಿಯೂಟ ಮತ್ತೆ ಶುರುವಾಗಿದ್ದೂ ಆಗಲೇ. ಎಷ್ಟು ಸಾವಿರ ಮಕ್ಕಳನ್ನು ತೂಗಿದರೂ ಇಲ್ಲಿ ಹೋಲಿಕೆಗೆ ಇರುವುದು ಎರಡೇ ಎರಡು ಜಿಲ್ಲೆ. ತಕ್ಕಡಿಯ ಆ ಕಡೆ ಒಂದು, ಈ ಕಡೆ ಒಂದು.

ಇಂಥದ್ದೇ ಕತೆ 1930ರಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಶೈರಿನಲ್ಲಿ ನಡೆದಿತ್ತು. ಶಾಲೆಯಲ್ಲಿ ಹಾಲು ಕೊಟ್ಟರೆ ಮಕ್ಕಳು ಬೆಳೆಯುತ್ತಾರೆಯೇ ಎಂದು ನೋಡಲು 20,000 ಮಕ್ಕಳನ್ನು ಸೇರಿಸಿದರು. 10,000 ಮಕ್ಕಳಿಗೆ ಹಾಲು, 10,000 ಮಕ್ಕಳಿಗೆ ಇಲ್ಲ. ಗುಂಪು ಸಮನಾಗಿ ಕಾಣದಿದ್ದರೆ ಹೆಸರು ಬದಲಿಸುವ ಅವಕಾಶ ಶಿಕ್ಷಕರಿಗಿತ್ತು. ಕರುಣೆಯ ಶಿಕ್ಷಕರು ಸೊರಗಿದ ಮಕ್ಕಳನ್ನು ಹಾಲಿನ ಗುಂಪಿಗೆ ಸೇರಿಸಿದರು. ಪ್ರಯೋಗ ಶುರುವಾಗುವ ಹೊತ್ತಿಗೇ ಹಾಲಿಲ್ಲದ ಗುಂಪಿನ ಮಕ್ಕಳು ಎತ್ತರದಲ್ಲೂ ತೂಕದಲ್ಲೂ ಮುಂದಿದ್ದರು. ಫೆಬ್ರವರಿಯ ಚಳಿಯಲ್ಲಿ ದಪ್ಪ ಬಟ್ಟೆಯಲ್ಲಿ ತೂಗಿ, ಮತ್ತೆ ಜೂನ್‌ನಲ್ಲಿ ತೆಳು ಬಟ್ಟೆಯಲ್ಲಿ ತೂಗಿದರು. ಕೋಟು ಕಳಚಿದ ಸ್ಥಿತಿವಂತರ ಮಕ್ಕಳ ತೂಕ ಇಳಿಯಿತು. ಬಡ ಮಕ್ಕಳಿಗೆ ಕಳಚಲು ಹೆಚ್ಚು ಬಟ್ಟೆಯೇ ಇರಲಿಲ್ಲ. ಗಿನ್ನೆಸ್ ಬಿಯರ್ ಕಂಪನಿಯಲ್ಲಿ ಕೆಲಸ ಮಾಡುತ್ತಾ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ವಿಲಿಯಂ ಗೊಸೆಟ್ ಮರುವರ್ಷ ಇದನ್ನು ವಿಮರ್ಶಿಸಿದರು. 20,000 ಮಕ್ಕಳ ಬದಲು 50 ಜೊತೆ ತದ್ರೂಪಿ ಅವಳಿಗಳನ್ನು ತೆಗೆದುಕೊಂಡು, ಯಾರಿಗೆ ಹಾಲು ಎಂದು ನಾಣ್ಯ ಚಿಮ್ಮಿ ನಿರ್ಧರಿಸಿದ್ದರೆ ಇನ್ನೂ ನಂಬಬಹುದಾದ ಉತ್ತರ ಸಿಗುತ್ತಿತ್ತು ಎಂದರು.

ನಾಣ್ಯ ಚಿಮ್ಮುವುದೇ ಇಲ್ಲಿನ ಗುಟ್ಟು. ನನ್ನ ಕೆಲಸದಲ್ಲಿ ಕಂಪ್ಯೂಟರ್ ಅದನ್ನು ಕ್ಷಣದಲ್ಲಿ ಮಾಡುತ್ತದೆ. ಆ್ಯಪ್ ತೆರೆದ ಪ್ರತಿಯೊಬ್ಬರಿಗೂ ಹಳೆಯ ಪುಟವೋ ಹೊಸದೋ ಎಂದು ಚೀಟಿ ಎತ್ತುತ್ತದೆ. ಹಾಗೆ ಮಾಡದೆ ದೀಪಾವಳಿಯ ವಾರ ಹೊಸ ಪುಟ ಬಿಟ್ಟು, ಹಿಂದಿನ ವಾರಕ್ಕಿಂತ ಮಾರಾಟ ಹೆಚ್ಚಾಯಿತು ಎಂದರೆ ಯಾರೂ ಒಪ್ಪುವುದಿಲ್ಲ. ಹೆಚ್ಚಿಸಿದ್ದು ದೀಪಾವಳಿ. ಶಾಲೆಗಳಲ್ಲಿ ಚೀಟಿ ಎತ್ತುವುದು ಇಷ್ಟು ಸುಲಭವಲ್ಲ, ಹಸಿದ ಮಗುವಿಗೆ ನಿನ್ನ ಚೀಟಿ ಬರಲಿಲ್ಲ ಎನ್ನಲಾದೀತೇ? ಆದರೆ ದಾರಿಯಿದೆ. ಹೇಗೂ ಎಲ್ಲ ಶಾಲೆಗಳಿಗೂ ಒಂದೇ ದಿನ ಮೊಟ್ಟೆ ತಲುಪುವುದಿಲ್ಲ. ಮೊದಲು ಯಾವ ಶಾಲೆಗಳಿಗೆ, ಎರಡನೇ ಕಂತಿನಲ್ಲಿ ಯಾವುವು ಎಂಬುದನ್ನು ಶಿಫಾರಸಿನ ಬದಲು ಚೀಟಿ ಎತ್ತಿ ತೀರ್ಮಾನಿಸಿದರೆ ಸಾಕು. ಯಾರಿಗೂ ಅನ್ಯಾಯವಾಗದೆ ಹೋಲಿಕೆ ಸಿಗುತ್ತದೆ. ಆಗ ಮೊಟ್ಟೆಯ ವಿರೋಧಿಗಳಿಗೂ ಕೊಡಲು ಗಟ್ಟಿ ಉತ್ತರವಿರುತ್ತಿತ್ತು. ಮೊಟ್ಟೆ ಮುಂದೆ ಇಡೀ ರಾಜ್ಯಕ್ಕೆ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ಕೊಡಲು ಮುಂದೆ ಬಂದು ವಾರಕ್ಕೆ ಆರು ದಿನವೂ ಸಿಗುವಂತಾಯಿತು. ಇಷ್ಟು ದೊಡ್ಡ ಯೋಜನೆಗೆ ಅಷ್ಟೇ ಗಟ್ಟಿಯಾದ ಅಳತೆಯೂ ಬೇಕು.

ಓದುವಾಗ, ಉತ್ತರಿಸುವಾಗ

ವಾಟ್ಸಾಪಿನಲ್ಲಿ ಮುಂದಿನ ಬಾರಿ ಒಂದು ಸಮೀಕ್ಷೆ ಬಂದಾಗ ಎಷ್ಟು ಜನರನ್ನು ಕೇಳಿದ್ದಾರೆ ಎಂದು ನೋಡುವ ಮೊದಲು ಮೂರು ಪ್ರಶ್ನೆ ಕೇಳಿ ನೋಡಿ. ಇವರನ್ನು ಆರಿಸಿದ್ದು ಯಾರು, ಚೀಟಿಯೋ ಅನುಕೂಲವೋ? ಆರಿಸಿದವರಲ್ಲಿ ಉತ್ತರಿಸದೆ ಉಳಿದವರು ಯಾರು? 'ಇದರಿಂದ ಹೀಗಾಯಿತು' ಎಂದಿದ್ದರೆ, ಹೋಲಿಸಿದ ಎರಡು ಗುಂಪುಗಳ ನಡುವೆ ಬೇರೆ ಏನೇನು ವ್ಯತ್ಯಾಸವಿತ್ತು? ಉತ್ತರ ಸಿಗದಿದ್ದರೆ ಆ ಸಂಖ್ಯೆಯನ್ನು ಮುಂದಕ್ಕೆ ಕಳಿಸದೆ ಬಿಟ್ಟರೂ ನಷ್ಟವಿಲ್ಲ.

ಇದು ಓದುಗರಾಗಿ ಮಾಡಬೇಕಾದ್ದು. ಬಾಗಿಲ ಈಚೆ ಇರುವವರಾಗಿ ಮಾಡಬೇಕಾದ್ದು ಇನ್ನೊಂದಿದೆ. ಮನೆ ಖರ್ಚಿನ ಸಮೀಕ್ಷೆಗೆ ನಿಮ್ಮ ಫ್ಲಾಟ್ ಆಯ್ಕೆಯಾದರೆ ಮೂರು ತಿಂಗಳಲ್ಲಿ ಮೂರು ಸಲ ಬರುತ್ತಾರೆ. ಗುರುತಿನ ಚೀಟಿ ನೋಡಿ, ಬೇಕಿದ್ದರೆ ಇಲಾಖೆಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ, ಆಮೇಲೆ ಒಳಗೆ ಕರೆಯಿರಿ. ಎಲ್ಲರನ್ನೂ ಎಣಿಸುವ ಜನಗಣತಿಯೂ ಇದರಿಂದ ಹೊರತಲ್ಲ. 2011ರ ಜನಗಣತಿಯ ನಂತರ ನಡೆಸಿದ ಮರುಪರಿಶೀಲನೆಯಲ್ಲಿ 1,000 ಜನರಿಗೆ 23 ಜನ ಎಣಿಕೆಯಿಂದ ತಪ್ಪಿಹೋಗಿದ್ದು ಕಂಡುಬಂದಿತ್ತು. 2027ರ ಜನಗಣತಿಯಲ್ಲಿ ಮಾತೃಭಾಷೆಯ ಪ್ರಶ್ನೆ ಬಂದಾಗ, ಬಂದವರಿಗೆ ಹಿಂದಿ ಮಾತ್ರ ಬರುತ್ತದೆ ಎಂದು ಬರೆಯುವುದನ್ನು ಅವರಿಗೇ ಬಿಡಬೇಡಿ. 'ಕನ್ನಡ' ಎಂದು ಹೇಳಿ, ಟ್ಯಾಬ್ಲೆಟ್ಟಿನಲ್ಲೋ ಮೊಬೈಲಿನಲ್ಲೋ ಹಾಗೇ ನಮೂದಾಗಿದೆಯೇ ಎಂದು ನೋಡಿಕೊಳ್ಳಿ. ಗುರುಗ್ರಾಮದಲ್ಲಿ ಎಷ್ಟು ಕನ್ನಡಿಗರಿದ್ದೇವೆ ಎಂಬ ಪ್ರಶ್ನೆಗೆ ನಮ್ಮ ವಾಟ್ಸಾಪ್ ಗುಂಪಿನ ಸದಸ್ಯರ ಸಂಖ್ಯೆ ಉತ್ತರವಲ್ಲ.